ಯಾರೂ ಕೊಡದ ಯಜಮಾನಿಕೆ

ಮಾರ್ಚ್ 3

ಮಾತಾಡಿದರೆ ಜಗಳ ಆಗುತ್ತೆ, ಸುಮ್ಮನಿದ್ದರೆ ಹೊಟ್ಟೆಯೊಳಗೆ ಬೆಂಕಿ. ಅದಕ್ಕೇ ಬರೆಯುತ್ತಿದ್ದೇನೆ. ಇದನ್ನು ಯಾರೂ ಓದಬಾರದು. ಓದಿದರೆ ಅವರ ಹಣೆಬರಹ.

ಬಸ್ಸಿನ ಮೆಟ್ಟಿಲಿಂದ ಬಿದ್ದು ತೊಡೆಯ ಮೂಳೆ ಮುರಿದಿದೆ. ಆಪರೇಷನ್ ಮಾಡಿ ಒಳಗೆ ರಾಡ್ ಕೂರಿಸಿದ್ದಾರೆ. ಕಂಡಕ್ಟರ್ ಆಗಿ ಎಷ್ಟು ಜನಕ್ಕೆ "ಮೆಟ್ಟಿಲ ಮೇಲೆ ನಿಲ್ಲಬೇಡ್ರೀ" ಅಂತ ಗಂಟಲು ಹರಿದುಕೊಂಡಿದ್ದೆನೋ, ಕೊನೆಗೆ ಬಿದ್ದಿದ್ದು ನಾನೇ. ನಗೋರು ನಗಲಿ. ಗಾಯ ಒಣಗುವ ತನಕ ಈ ಹೆಂಗಸರ ವಾರ್ಡಿನಲ್ಲೇ ಬಿದ್ದಿರಬೇಕಂತೆ.

ಬೆಂಕಿ ಅದಕ್ಕಲ್ಲ. ಇವತ್ತು ಅಣ್ಣ ಬಂದಿದ್ದ. ಕಿತ್ತಳೆ ಸುಲಿದು ಒಂದೊಂದೇ ತೊಳೆ ನನ್ನ ಕೈಗಿಡುತ್ತಾ, ಮಾಮೂಲು ಸುದ್ದಿ ಹೇಳುವವನ ಹಾಗೆ ಹೇಳಿದ. "ನಿಮ್ಮ ಡಿಪೋ ಮ್ಯಾನೇಜರ್ ಹತ್ರ ಮಾತಾಡಿದೀನಿ. ನನ್ನ ತಂಗಿ ಇನ್ನು ಬಸ್ಸು ಹತ್ತಲ್ಲ, ಕೆಲಸ ಬಿಡ್ತಾಳೆ ಅಂತ ಹೇಳಿದೀನಿ. ನಿನ್ನ ಮನೆ ಓನರ್‌ಗೂ ತಿಂಗಳ ಕೊನೆಗೆ ಖಾಲಿ ಮಾಡ್ತೀವಿ ಅಂದಿದೀನಿ. ಅಲ್ಲಿ ತನಕ ಬೀಗ ಹಾಕಿದೀನಿ, ಬೀಗದ ಕೈ ನನ್ನ ಹತ್ರಾನೇ ಇದೆ. ಇಲ್ಲಿಂದ ನೇರ ನಮ್ಮನೆಗೆ ಬರೋದು. ನಿಮ್ಮತ್ತಿಗೆ ಹಿಂದಿನ ರೂಮಿಗೆ ಸುಣ್ಣ ಹೊಡೆಸಿದಾಳೆ."

ಮಾತಾಡಿದೀನಿ, ಹೇಳಿದೀನಿ, ಅಂದಿದೀನಿ. ಎಲ್ಲ ಆಗಿಹೋಗಿದೆ. ನನಗೆ ಉಳಿದಿರೋದು ಕಿತ್ತಳೆ ತಿನ್ನುವ ಕೆಲಸ. "ಸರಿ ಅಣ್ಣ" ಅಂದೆ. ಹೌದು, ಅದನ್ನೇ ಅಂದೆ! ತುಂಬಿದ ಬಸ್ಸಿನಲ್ಲಿ ಕುಡುಕನ ಕಾಲರ್ ಹಿಡಿದು ಕೆಳಗಿಳಿಸಿದವಳು ನಾನು. ಅಣ್ಣನ ಮುಂದೆ ಮಾತ್ರ ನಾಲಿಗೆ ಹೊರಳುವುದಿಲ್ಲ.

ನಾಳೆ ಬರಲಿ. ಕಡ್ಡಿ ಮುರಿದ ಹಾಗೆ ಹೇಳಿಬಿಡುತ್ತೇನೆ. ನನ್ನ ಕೆಲಸ ನಂದು, ನನ್ನ ಮನೆ ನಂದು, ನಾನು ಎಲ್ಲಿಗೂ ಬರೋದಿಲ್ಲ ಅಂತ.

ಮಾರ್ಚ್ 4

ಬಂದ. ಹೇಳಲಿಲ್ಲ. ಕಿತ್ತಳೆ ಸಿಹಿಯಾಗಿತ್ತು.

ಮಾರ್ಚ್ 7

ಈ ವಾರ್ಡಿನಲ್ಲಿ ಇನ್ನೊಂದು ಪ್ರಾಣಿ ಇದೆ. ಎದುರು ಮಂಚದವಳು. ಹೊರಗೆ ಬಟ್ಟೆ ಇಸ್ತ್ರಿ ಮಾಡುವ ಅಂಗಡಿ ಇಟ್ಟಿದ್ದಾಳಂತೆ, ಭುಜ ಮುರಿದುಕೊಂಡು ಬಂದಿದ್ದಾಳೆ. ಭುಜ ಮುರಿದರೇನು, ಕಾಲು ಗಟ್ಟಿ, ಬಾಯಿ ಅದಕ್ಕಿಂತ ಗಟ್ಟಿ. ಆಯಾ ಅವಳಿಗೆ ಕಲೆಕ್ಟರಮ್ಮ ಅಂತ ಹೆಸರಿಟ್ಟಿದ್ದಾಳೆ. ಬೆಳಿಗ್ಗೆ ಎದ್ದ ಕೂಡಲೇ ಡಾಕ್ಟರಿಗಿಂತ ಮುಂಚೆ ಇವಳ ರೌಂಡ್ಸು. ಯಾವ ಕಿಟಕಿ ತೆರೆಯಬೇಕು, ಯಾರ ಕಡೆ ಫ್ಯಾನ್ ತಿರುಗಬೇಕು, ಯಾರ ನೆಂಟರು ಎದ್ದು ಹೋಗಬೇಕು, ಎಲ್ಲ ಇವಳದ್ದೇ ತೀರ್ಮಾನ. ಇಡೀ ವಾರ್ಡಿಗೆ ಹಿಡಿದುಕೊಂಡು ನಡೆಯೋದಕ್ಕೆ ಇರೋದು ಒಂದೇ ವಾಕರ್. ಅದು ಯಾರ ಮಂಚದ ಹತ್ತಿರ ಯಾವಾಗ ಹೋಗಬೇಕು ಅನ್ನೋದೂ ಇವಳ ಕೈಲಿ.

ಇವತ್ತು ನನ್ನ ತಲೆಯ ಹತ್ತಿರದ ಕಿಟಕಿ ಮುಚ್ಚೋಕೆ ಬಂದಳು. "ಅಜ್ಜಿಗೆ ಚಳಿ ಆಗತ್ತೆ" ಅಂದಳು. ಅಜ್ಜಿ ಅಂದರೆ ನನ್ನ ಪಕ್ಕದ ಮಂಚದವಳು. ಸೊಂಟದ ಮೂಳೆ ಮುರಿದು ಮಲಗಿದ್ದಾಳೆ, ಹೊದಿಕೆಯೊಳಗೆ ಇದ್ದಾಳೋ ಇಲ್ಲವೋ ಅನ್ನುವಷ್ಟು ಸಣ್ಣಗಿದ್ದಾಳೆ.

"ಚಳಿ ಅಂತ ಅಜ್ಜಿ ಹೇಳಿದ್ರಾ?"

"ಹೇಳೋ ತನಕ ಕಾಯ್ಬೇಕಾ?"

"ನೀವೇನು ಈ ವಾರ್ಡಿನ ಯಜಮಾನಿನಾ?"

"ಯಾರಾದ್ರೂ ಇದ್ರೆ ಹೇಳು, ಬಿಟ್ಟುಕೊಡ್ತೀನಿ" ಅಂತ ಕಿಟಕಿ ಮುಚ್ಚಿಯೇ ಹೋದಳು.

ನಾನು ಕೈ ಚಾಚಿ ತೆಗೆದೆ. ಅವಳು ಬಂದು ಮುಚ್ಚಿದಳು. ನಾನು ತೆಗೆದೆ. ಊಟದ ತನಕ ಇದೇ ನಡೆಯಿತು, ವಾರ್ಡಿನವರಿಗೆಲ್ಲ ಒಳ್ಳೆ ಮಜಾ. ಕೊನೆಗೆ ಸುಸ್ತಾಗಿ ಬಿಟ್ಟಿದ್ದು ಅವಳೇ, ಗೆದ್ದಿದ್ದು ನಾನೇ. ಆಮೇಲೆ ಅಜ್ಜಿ ಸೀನಿದಳು. ಕಲೆಕ್ಟರಮ್ಮ ಆ ಕಡೆ ತಿರುಗಿದ್ದಾಗ ನಾನೇ ಮುಚ್ಚಿದೆ.

ಮಾರ್ಚ್ 10

ಯಾರೂ ಕರೆಯದೆ ಮುಂದೆ ಹೋಗಿ ನಿಂತವರಿಗೆ ನಮ್ಮ ಜನದ ಬಾಯಲ್ಲಿ ಎಷ್ಟು ಮಾತಿದೆ! ಕಲೆಕ್ಟರಮ್ಮ ಬಾತ್‌ರೂಮಿಗೆ ಹೋದ ಹೊತ್ತಿನಲ್ಲಿ ಈ ವಾರ್ಡಿನ ಬಾಯಿ ಕೇಳಬೇಕು. ಅಧಿಕಪ್ರಸಂಗಿ ಅಂತ ಒಬ್ಬಳು. ದರ್ಬಾರು ನೋಡೇ ಅವಳದ್ದು ಅಂತ ಇನ್ನೊಬ್ಬಳು. ಪಾರುಪತ್ಯ ಮಾಡೋಕೆ ಬಂದಿದಾಳೆ, ಇವಳಿಗ್ಯಾಕೆ ಇಲ್ಲದ ಉಸಾಬರಿ, ಎಲ್ಲದಕ್ಕೂ ಮೂಗು ತೂರಿಸ್ತಾಳೆ. ನಾನೂ ಸುಮ್ಮನಿರಲಿಲ್ಲ, ಗಂಡುಬೀರಿ ಅಂದೆ. ಅಂದ ಮೇಲೆ ನಾಲಿಗೆ ಕಚ್ಚಿಕೊಂಡೆ. ಬಸ್ಸಿನಲ್ಲಿ ಈ ಮಾತು ನನ್ನ ಮೇಲೆ ಬಿದ್ದಷ್ಟು ಯಾರ ಮೇಲೂ ಬಿದ್ದಿರಲಿಕ್ಕಿಲ್ಲ.

ಸರಿ, ಅಣ್ಣ ಮಾಡಿದ್ದೇನು? ಅವನನ್ನೂ ಯಾರೂ ಕರೆದಿರಲಿಲ್ಲ. ನನ್ನ ಕೆಲಸ ತೆಗೆಸಿದ, ನನ್ನ ಮನೆಗೆ ತನ್ನ ಬೀಗ ಜಡಿದ. ಅವನಿಗೇನಂತಾರೆ? "ನಿಮ್ಮಣ್ಣ ಎಷ್ಟು ಜವಾಬ್ದಾರಿ ತಗೋತಾರಲ್ವಾ" ಅಂತ ಸಿಸ್ಟರ್. "ಹಿರಿತನ ಅಂದ್ರೆ ಅದು" ಅಂತ ಆಯಾ. ಅಜ್ಜಿ ಕೂಡ ಹೊದಿಕೆಯೊಳಗಿಂದ, "ಪುಣ್ಯ ಮಾಡಿದ್ದೆ ಕಣೇ, ಮುಂದೆ ನಿಂತು ಎಲ್ಲಾ ನಡೆಸ್ತಾನೆ." ಕಿಟಕಿ ಮುಚ್ಚಿದವಳು ಅಧಿಕಪ್ರಸಂಗಿ, ಮನೆ ಮುಚ್ಚಿಸಿದವನು ಜವಾಬ್ದಾರಿಯ ಮನುಷ್ಯ. ಬಸ್ಸಿನಲ್ಲಿ ಹೆಂಗಸರ ಸೀಟು, ಗಂಡಸರ ಸೀಟು ಇರುವ ಹಾಗೆ ಮಾತುಗಳನ್ನೂ ಬೇರೆ ಬೇರೆ ಕೂರಿಸಿದ್ದಾರೆ. ಮೈಯೆಲ್ಲ ಉರಿಯಿತು.

ಹಾಗಂತ ಅಣ್ಣನನ್ನು ಬೈಯೋಕೂ ಮನಸ್ಸು ಬರೋದಿಲ್ಲ. ಅಪ್ಪ ಹೋದಾಗ ನಾನಿನ್ನೂ ಚಿಕ್ಕವಳು. ಓದು ಬಿಟ್ಟು ಗ್ಯಾರೇಜಿಗೆ ಸೇರಿದ. ಗ್ರೀಸು ಮೆತ್ತಿದ ಕೈ ತೊಳೆದುಕೊಂಡು ಬಂದು ನನಗೆ ಜಡೆ ಹಾಕಿ ಶಾಲೆಗೆ ಕಳಿಸುತ್ತಿದ್ದ. ನನ್ನ ಗಂಡ ತೀರಿಕೊಂಡಾಗ ಒಂದು ಮಾತಾಡದೆ ಪಕ್ಕದಲ್ಲಿ ಕೂತಿದ್ದವನು ಅವನೊಬ್ಬನೇ. ನನಗೆ ಅವನ ಮೇಲೆ ಪ್ರೀತಿ ಇದೆ, ಅದೇ ಬಂದಿರೋ ಕಷ್ಟ. ಪ್ರೀತಿ ಇಲ್ಲದಿದ್ದರೆ ಇಷ್ಟು ಹೊತ್ತಿಗೆ ಬಾಯಿಗೆ ಬಂದಂತೆ ಬೈದು ಮುಗಿಸಿರುತ್ತಿದ್ದೆ.

ಆದರೂ ನಾಳೆ ಹೇಳುತ್ತೇನೆ.

ಮಾರ್ಚ್ 11

ನಾಳೆ.

ಮಾರ್ಚ್ 13

ಕಲೆಕ್ಟರಮ್ಮ ಮನೆಗೆ ಹೋದಳು. ಪೀಡೆ ತೊಲಗಿತು ಅಂದುಕೊಳ್ಳಬೇಕಿತ್ತು. ಬಟ್ಟೆ ಗಂಟು ಕಟ್ಟುತ್ತಿದ್ದವಳನ್ನು ನಾನೇ ಕೂಗಿ ಕೇಳಿದೆ. "ನಾಳೆಯಿಂದ ವಾಕರ್ ಯಾರು ನೋಡ್ಕೋತಾರೆ?"

"ನಂಗೇನು ಗೊತ್ತು? ನಂಗೆ ಯಾರಾದ್ರೂ ಒಪ್ಪಿಸಿದ್ರಾ, ನಾನು ಇನ್ನೊಬ್ರಿಗೆ ಒಪ್ಪಿಸೋಕೆ?"

ಹೋಗುವಾಗ ನನ್ನ ಕಿಟಕಿಯನ್ನು ಪೂರ್ತಿ ತೆರೆದಿಟ್ಟು ಹೋದಳು. ಹಾಳಾದವಳು. ಅಳು ಬಂತು.

ಮಾರ್ಚ್ 15

ನಿನ್ನೆ ವಾಕರ್ ಇಡೀ ದಿನ ಮೂಲೆ ಮಂಚದವಳ ಹತ್ತಿರವೇ ಇತ್ತು. ಅವಳು ಅದರ ಮೇಲೆ ಟವೆಲ್ ಒಣಗಿಸಿದ್ದಳು. ಅಜ್ಜಿ ಒಂದು ಹೆಜ್ಜೆಯನ್ನೂ ಇಡಲಿಲ್ಲ. ನಾನೂ ಇಡಲಿಲ್ಲ. ಸಿಸ್ಟರಿಗೆ ಮಂಚಗಳೇ ಜಾಸ್ತಿ, ಅವರು ಎಷ್ಟಂತ ನೋಡುತ್ತಾರೆ.

ಇವತ್ತು ಬೆಳಿಗ್ಗೆ ಚಮಚ ತಗೊಂಡು ಮಂಚದ ಕಂಬಿಗೆ ಟಣ್ ಟಣ್ ಬಡಿದೆ. ಬಸ್ಸಿನ ತಗಡಿಗೆ ಬಡಿದು ಅಭ್ಯಾಸ. ಎಲ್ಲರೂ ತಿರುಗಿದರು. "ಟವೆಲ್ ತೆಗೀರಿ. ಮೊದಲು ಅಜ್ಜಿ, ಆಮೇಲೆ ನಾನು, ಆಮೇಲೆ ಬಾಗಿಲ ಹತ್ರದವರು, ಆಮೇಲೆ ಮೂಲೆ. ಬಾಗಿಲ ತನಕ ಹೋಗೋದು, ವಾಪಸ್ ಬರೋದು, ಮಧ್ಯೆ ಸ್ಟಾಪಿಲ್ಲ" ಅಂದೆ. ಟವೆಲ್ ಎದ್ದಿತು.

ಇದು ದರ್ಬಾರಲ್ಲ. ಸ್ವಲ್ಪ ನೋಡಿಕೊಳ್ಳುತ್ತಿದ್ದೇನೆ ಅಷ್ಟೆ. ಕಲೆಕ್ಟರಮ್ಮನಿಗೂ ನನಗೂ ಹೋಲಿಕೆ ಬೇಡ.

ಮಾರ್ಚ್ 17

ವಾರ್ಡು ಈಗ ಸರಿಯಾದ ಹೊತ್ತಿಗೆ ಓಡುತ್ತಿದೆ! ಬೆಳಿಗ್ಗೆ ಒಂದು ಟ್ರಿಪ್ಪು, ಸಂಜೆ ಒಂದು. ಯಾರಾದರೂ ಹೊರಡುವಾಗ ನಾನು "ರೈಟ್" ಅಂತೀನಿ, ಸುಸ್ತಾದರೆ "ಹೋಲ್ಡಾನ್" ಅಂತೀನಿ, ಆಯಾ ಹಿಂದೆ ಕುರ್ಚಿ ಹಿಡಿದುಕೊಂಡು ಬರುತ್ತಾಳೆ. ಅಜ್ಜಿ ಬಾಗಿಲ ತನಕ ಹೋಗಿ ಬಂದಳು. "ಟಿಕೆಟ್ ಕೊಡೇ" ಅಂತ ಕೈ ಚಾಚಿದಳು. ನಾನು ಬ್ರೆಡ್ಡಿನ ಚೂರು ಕೊಟ್ಟೆ. ವಾರ್ಡು ನಕ್ಕಿತು. ನಾನೂ ಬಾಗಿಲ ತನಕ ಹೋದೆ. ಕಾಲು ಜೀವ ಹಿಂಡಿತು, ಆದರೂ ಹೋದೆ.

ಫ್ಯಾನಿಂದ ಹಿಡಿದು ನೆಂಟರ ತನಕ ಎಲ್ಲದಕ್ಕೂ ಈಗ ನನ್ನನ್ನೇ ಕೇಳುತ್ತಾರೆ. ಮೂಲೆಯವಳು ಮಾತ್ರ ಮುಖ ಗಂಟು ಹಾಕಿಕೊಂಡು, "ಒಬ್ಬಳು ಹೋದ್ಲು ಅಂದ್ರೆ ಇನ್ನೊಬ್ಬಳು ಶುರು ಹಚ್ಕೊಂಡ್ಲು" ಅಂದಳು. ಅನ್ನಲಿ. ಅವಳ ಟವೆಲ್ ಒಣಗೋಕೆ ಜಾಗ ಇಲ್ಲ, ಅದರ ಸಿಟ್ಟು.

ಅಣ್ಣ ಟ್ರಿಪ್ಪಿನ ಮಧ್ಯೆ ಬಂದ. ಅಜ್ಜಿ ದಾರಿಯಲ್ಲಿದ್ದಳು. ಅಲ್ಲೇ ನಿಲ್ಲು ಅಣ್ಣ ಅಂದೆ. ಕಿತ್ತಳೆ ಚೀಲ ಹಿಡಿದು ಬಾಗಿಲ ಹೊರಗೆ ನಿಂತಿದ್ದ. ಅವನಿಗೆ ಏನೂ ಹೇಳೋಕೆ ಆಗಲಿಲ್ಲ, ಇವತ್ತು ಕೈತುಂಬ ಕೆಲಸ.

ಮಾರ್ಚ್ 19

ಬರೆಯಲೇಬೇಕು. ಬರೆಯದಿದ್ದರೆ ಬೇರೆ ಯಾರಿಗೆ ಹೇಳಲಿ.

ಅಜ್ಜಿಯನ್ನು ಎಕ್ಸ್‌ರೇಗೆ ಕರೆದುಕೊಂಡು ಹೋಗಬೇಕಿತ್ತು. ಆಯಾ ಗಾಲಿಕುರ್ಚಿ ತಂದು ಹಿಂದೆ ಹಿಡಿದು ನಿಂತಿದ್ದಳು. ಅಜ್ಜಿ ವಾಕರ್ ಬಿಟ್ಟು ಪಕ್ಕದಿಂದ ಕುರ್ಚಿಯ ಕೈ ಹಿಡಿದುಕೊಂಡು ಕೂರೋಕೆ ಬಗ್ಗಿದಳು. ನಾನು ಇಲ್ಲಿ ಮಂಚದ ಮೇಲೆ ಕೂತು ನೋಡುತ್ತಿದ್ದೆ. ಬಸ್ಸು ಹತ್ತುವವರು ಕಂಬಿ ಹಿಡಿದರೆ ಸಾಕು, ನನ್ನ ಬಾಯಿ ತಾನೇ ತೆರೆದುಕೊಳ್ಳುತ್ತೆ. ವರ್ಷಗಟ್ಟಲೆಯ ರೂಢಿ. "ರೈಟ್!" ಅಂದೆ. ಆಯಾ ಕುರ್ಚಿ ತಳ್ಳಿದಳು. ಅವಳೂ ಈಗ ನನ್ನ ಮಾತಿಗೇ ಒಗ್ಗಿಹೋಗಿದ್ದಳು. ಅಜ್ಜಿ ಇನ್ನೂ ಕೂತಿರಲಿಲ್ಲ. ನೆಲದ ಮೇಲೆ ಕೂತಳು.

ಆ ಸದ್ದು ಕಿವಿಯಿಂದ ಹೋಗುತ್ತಿಲ್ಲ.

ಮೂಳೆಗೆ ಏನೂ ಆಗಿಲ್ಲವಂತೆ. ಊದಿದೆ, ನೋವಿದೆ. ಸಿಸ್ಟರ್ ಬಂದು ಇಡೀ ವಾರ್ಡಿನ ಮುಂದೆ ನನ್ನನ್ನು ಬೈದರು. "ನಿಮಗೆ ಈ ಅಧಿಕಾರ ಕೊಟ್ಟಿದ್ದು ಯಾರು?" ಆಯಾಳ ಮೇಲೆ ತಪ್ಪು ಹೊರಿಸಬೇಡಿ, ಅಂದಿದ್ದು ನಾನು ಅಂತ ಮಾತ್ರ ಹೇಳಿದೆ. ವಾಕರನ್ನು ಸ್ಟೋರಿನಲ್ಲಿಟ್ಟು ಬೀಗ ಹಾಕಿದರು.

ಮಾರ್ಚ್ 20

ಅಜ್ಜಿಯ ಕಡೆ ನೋಡೋಕೆ ಧೈರ್ಯ ಇಲ್ಲ.

ಮಾರ್ಚ್ 22

ಡಾಕ್ಟರು ಕಾಲು ಮಡಿಸಿ ನೋಡಿ, ನಡೆಯದೆ ಮಲಗಿದ್ದರೆ ಮಂಡಿ ಬಿಗಿದುಹೋಗುತ್ತೆ ಅಂದರು. ಅಣ್ಣ ಪಕ್ಕದಲ್ಲೇ ಇದ್ದ. ಅವರು ಹೋದ ಮೇಲೆ ನನ್ನ ತಲೆ ಸವರಿ, "ನೋಡಿದ್ಯಾ? ಮಂಚದಿಂದ ಇಳಿಯೋಕೇ ಆಗ್ತಿಲ್ಲ. ಇದಕ್ಕೇ ನಾನು ಎಲ್ಲಾ ಯೋಚನೆ ಮಾಡಿ ಮಾಡಿದ್ದು" ಅಂದ. ಮೂವತ್ತನೇ ತಾರೀಕು ಡಿಸ್ಚಾರ್ಜಂತೆ. ಕಾರು ತರುತ್ತಾನಂತೆ.

"ಸರಿ ಅಣ್ಣ."

ಇನ್ನು ಯಾರ ಉಸಾಬರಿಯೂ ಬೇಡ. ನನ್ನದೂ ಬೇಡ.

ಮಾರ್ಚ್ 25

ಮಧ್ಯಾಹ್ನ ಹೊದಿಕೆಯೊಳಗಿಂದ ಅಜ್ಜಿಯ ದನಿ. ನನ್ನನ್ನು ಕೇಳಿದ್ದಲ್ಲ, ಆಯಾಳನ್ನು. "ಆ ಕಂಡಕ್ಟರ್ ಎಲ್ಲೇ? ಡ್ಯೂಟಿಗೆ ಬಂದಿಲ್ವಾ?"

ನಾನು ಗೋಡೆ ಕಡೆ ತಿರುಗಿಕೊಂಡೆ.

"ಏ, ನಿನಗೇ ಹೇಳ್ತಿರೋದು. ಬಿದ್ದವಳು ನಾನು. ಮುಖ ಊದಿಸ್ಕೊಂಡು ಕೂತಿರೋಳು ನೀನು. ಬಸ್ಸು ಯಾವಾಗ ಬಿಡ್ತೀಯ?"

"ಅಜ್ಜಿ, ನನ್ನಿಂದಲೇ ನೀವು..."

"ಹೌದು ನಿನ್ನಿಂದಲೇ. ಇನ್ನೊಂದ್ಸಲ ಹಾಗೆ ಮಾಡಿದ್ರೆ ವಾಕರಲ್ಲೇ ಬಾರಿಸ್ತೀನಿ. ಆದ್ರೆ ಅದಕ್ಕೆ ಮೊದಲು ವಾಕರ್ ಬೇಕಲ್ಲ. ಈ ಹಾಸಿಗೇಲೇ ಸಾಯೋಕೆ ನಂಗೆ ಇಷ್ಟ ಇಲ್ಲ ಕಣೇ."

ಅತ್ತುಬಿಟ್ಟೆ. ಮೂಗು ಸೋರುವಷ್ಟು ಅತ್ತೆ. ಆಮೇಲೆ ಚಮಚ ತಗೊಂಡು ಕಂಬಿಗೆ ಬಡಿದೆ, ಸಿಸ್ಟರ್ ಬರುವ ತನಕ ಬಡಿದೆ.

"ಏನ್ರೀ ಇದು? ಮತ್ತೆ ಶುರು ಮಾಡಿದ್ರಾ? ನೀವು ಇಲ್ಲಿ ಪೇಷಂಟು, ಗೊತ್ತಾ?"

"ಗೊತ್ತು ಸಿಸ್ಟರ್. ಅದಕ್ಕೇ ಕೇಳ್ತಿದೀನಿ, ವಾಕರ್ ಕೊಡಿ."

"ಆ ದಿನ ಏನಾಯ್ತು ಅಂತ ಮರೆತುಹೋಯ್ತಾ?"

"ಬೀಳಿಸಿದ್ದು ನನ್ನ ಬಾಯಿ. ವಾಕರ್ ಏನು ಮಾಡಿತ್ತು ಪಾಪ? ಬೇಕಿದ್ರೆ ನನ್ನನ್ನ ಸ್ಟೋರಿಗೆ ಹಾಕಿ ಬೀಗ ಹಾಕಿ, ಅದನ್ನ ಹೊರಗೆ ಬಿಡಿ. ಇಷ್ಟು ಜನ ನಡೆಯೋದನ್ನೇ ಮರೀತಿದಾರೆ."

ಸಿಸ್ಟರಿಗೆ ನಗು ಬಂತು, ತಡೆದುಕೊಂಡರು. ಮೂಲೆಯವಳು, ಅದೇ ಟವೆಲ್ಲಿನವಳು, "ಕೊಡಿ ಸಿಸ್ಟರ್, ಅವಳಿದ್ರೆನೇ ಸರಿ" ಅಂದಳು. ಸಂಜೆ ವಾಕರ್ ಬಂತು.

ಮಾರ್ಚ್ 26

ಹೊಸ ಕಾನೂನು ಮಾಡಿದ್ದೇನೆ. ಇನ್ನು ಮೇಲೆ ಹೋಲ್ಡಾನ್ ಅನ್ನೋದು ಮಾತ್ರ ನನ್ನ ಕೆಲಸ. ರೈಟ್ ಅನ್ನೋದು ಹೊರಡುವವರ ಕೆಲಸ. ಅವರ ಕಾಲು, ಅವರಿಗೇ ಗೊತ್ತು. ಅವರ ಬಾಯಿಂದ ಬರುವ ತನಕ ಆಯಾ ಕದಲಬಾರದು, ನಾನು ಉಸಿರೆತ್ತಬಾರದು.

ಅಜ್ಜಿ ಮಂಚದ ಅಂಚಿಗೆ ಬಂದಳು. ವಾಕರ್ ಹಿಡಿದಳು. ನಿಂತಳು. ಸುಮ್ಮನೆ ನಿಂತೇ ಇದ್ದಳು. ನನ್ನ ಬಾಯಿ ತುರಿಸಿತು, ತುಟಿ ಕಚ್ಚಿ ಕೂತೆ. ಇಡೀ ವಾರ್ಡು ಅವಳನ್ನೇ ನೋಡುತ್ತಿತ್ತು. ಅಜ್ಜಿ ನಮ್ಮನ್ನೆಲ್ಲ ಒಂದು ಸುತ್ತು ನೋಡಿ, ಸೀರೆ ಸೆರಗು ಸರಿಮಾಡಿಕೊಂಡು, ಆ ಸಣ್ಣ ದೇಹದಲ್ಲಿ ಅಷ್ಟು ದೊಡ್ಡ ದನಿ ಎಲ್ಲಿತ್ತೋ, "ರೈಟ್!" ಅಂತ ಕೂಗಿದಳು. ಹೊರಗೆ ಓಡಾಡುತ್ತಿದ್ದವರು ಇಣುಕಿ ನೋಡಿದರು.

ಬಾಗಿಲ ತನಕ ಹೋಗಿ ಬಂದಳು. ಎರಡನೇ ಟ್ರಿಪ್ಪೂ ಬೇಕು ಅಂತ ಹಟ. ಸರತಿ ಸರತಿ ಅಂತ ನಾನೇ ತಡೆದೆ.

ಮಾರ್ಚ್ 28

ಬಾಗಿಲ ಹತ್ತಿರದವಳು ಇವತ್ತು ಮೊದಲ ಸಲ ವಾಕರ್ ಇಲ್ಲದೆ ನಿಂತಳು. ಮೂಲೆಯವಳ ಟವೆಲ್ಲಿಗೆ ಕಿಟಕಿಗೆ ಹಗ್ಗ ಕಟ್ಟಿಸಿಕೊಟ್ಟೆ, ಪಾಪ. ನಾನು ಕಾರಿಡಾರ್ ದಾಟಿ ಲಿಫ್ಟಿನ ತನಕ ಹೋಗಿ ಬಂದೆ. ಕೋಲಿನಲ್ಲಿ ಅಭ್ಯಾಸ ಮಾಡಿ ಅಂತ ಡಾಕ್ಟರು ಕೋಲು ಬರೆದುಕೊಟ್ಟರು.

ಲಿಫ್ಟಿನ ಹತ್ತಿರ ಬೆಂಚಿತ್ತು. ಕೂತು ಸುಧಾರಿಸಿಕೊಳ್ಳುತ್ತಾ ಡಿಪೋಗೆ ಫೋನ್ ಮಾಡಿದೆ. ಮ್ಯಾನೇಜರ್, "ಕೆಲಸ ಬಿಡ್ತೀರಿ ಅಂತ ನಿಮ್ಮಣ್ಣ ಹೇಳಿದ್ರಲ್ಲಮ್ಮ" ಅಂದರು. "ನನ್ನ ಬಾಯಿಂದ ಕೇಳಿದ್ರಾ ಸಾರ್?" "ಇಲ್ಲ." "ಈಗ ಕೇಳಿ, ಬಿಡಲ್ಲ." ಕಾಲು ಗಟ್ಟಿಯಾಗುವ ತನಕ ವಿಚಾರಣೆ ಕೌಂಟರಿನಲ್ಲಿ ಕೂರಿಸುತ್ತಾರಂತೆ, ಆಮೇಲೆ ಬಸ್ಸು. ಮನೆ ಓನರ್‌ಗೂ ಮಾಡಿದೆ. ಅವರು ಇನ್ನೂ ಯಾರಿಗೂ ಕೊಟ್ಟಿರಲಿಲ್ಲ.

ವಾಪಸ್ ಬರೋ ಹೊತ್ತಿಗೆ ಸಂಜೆ ಟ್ರಿಪ್ಪಿಗೆ ತಡ ಆಗಿತ್ತು. ಅಜ್ಜಿ ಹತ್ತಿರ ಬೈಸಿಕೊಂಡೆ.

ಮಾರ್ಚ್ 30

ಕೈ ನೋಯುತ್ತಿದೆ, ಕೋಲು ಹೊಸದು. ಆದರೂ ಇವತ್ತಿನದು ಬರೆದೇ ಮಲಗುತ್ತೇನೆ.

ಅಣ್ಣ ಗ್ಯಾರೇಜಿನ ಕಾರು ತಂದಿದ್ದ. ಹಿಂದಿನ ಸೀಟಿಗೆ ದಿಂಬು ಹಾಕಿದ್ದ. ನಾನು ಮುಂದೆ ಕೂತೆ. ದಾರಿಯುದ್ದಕ್ಕೂ ಅತ್ತಿಗೆ ಹಿಂದಿನ ರೂಮಿಗೆ ಹೊಸ ಪರದೆ ಹೊಲಿಸಿದ್ದು, ಮಂಚ ಕಿಟಕಿ ಪಕ್ಕ ಹಾಕಿಸಿದ್ದು, ಎಲ್ಲ ಹೇಳಿದ. ಸಿಗ್ನಲ್ ಹತ್ತಿರ ಬಂತು. ಬಲಕ್ಕೆ ಹೋದರೆ ಅಣ್ಣನ ಮನೆ, ಎಡಕ್ಕೆ ನನ್ನದು.

"ಎಡಕ್ಕೆ ಹೋಗು ಅಣ್ಣ."

"ಯಾಕೆ, ಏನಾದ್ರೂ ಸಾಮಾನು ತಗೋಬೇಕಾ?"

"ಇಲ್ಲ. ಇರೋಕೆ."

ಹಸಿರು ಬಿತ್ತು. ಅಣ್ಣ ಕಾರು ಬಿಡಲಿಲ್ಲ. ಹಿಂದೆ ಎಲ್ಲರೂ ಹಾರನ್ ಹೊಡೆದರು.

"ತಲೆ ಕೆಟ್ಟಿದ್ಯೇನೇ? ಎಲ್ಲರ ಹತ್ರ ಮಾತಾಡಿ ಆಗಿದೆ."

"ನಾನೂ ಮಾತಾಡಿದೀನಿ ಅಣ್ಣ. ಡಿಪೋದವರ ಹತ್ರ ಆಯ್ತು, ಓನರ್ ಹತ್ರ ಆಯ್ತು. ನಿನ್ನ ಹತ್ರ ಮಾತ್ರ ಬಾಕಿ ಇತ್ತು."

"ಮತ್ತೆ ಬಿದ್ರೆ ಯಾರು ನೋಡ್ತಾರೆ?"

"ನಿನಗೇ ಫೋನ್ ಮಾಡ್ತೀನಿ. ಆಗ ಬಾ."

ಅಣ್ಣ ಸ್ಟೀರಿಂಗ್ ನೋಡುತ್ತಾ ಕೂತಿದ್ದ. ಕಿವಿ ಕೆಂಪಾಗಿತ್ತು. "ನಾನೇನು ನಿನಗೆ ಶತ್ರುನಾ?" ಅಂದ.

"ಶತ್ರು ಆಗಿದ್ರೆ ಮೊದಲನೇ ದಿನವೇ ಹೇಳ್ತಿದ್ದೆ."

ಮತ್ತೆ ಕೆಂಪು ಬಿತ್ತು, ಮತ್ತೆ ಹಸಿರು. ಅಣ್ಣ ಎಡಕ್ಕೆ ತಿರುಗಿಸಿದ.

ನನ್ನ ಮನೆ ಸೈಕಲ್ ಅಂಗಡಿಯ ಹಿಂದಿನ ಓಣಿಯಲ್ಲಿ, ಅದರೊಳಗೆ ಕಾರು ಬರೋದಿಲ್ಲ. ಕೋಲೂರಿ ನಡೆದೆ. ಅಣ್ಣ ನನ್ನ ಬ್ಯಾಗು ಹಿಡಿದು ಹಿಂದೆ ಬಂದ, ಬೀಳ್ತೀಯ ನಿಧಾನ, ಬೀಳ್ತೀಯ ನಿಧಾನ ಅಂತ. ಬಾಗಿಲ ಹತ್ತಿರ ಜೇಬಿಂದ ಬೀಗದ ಕೈ ತೆಗೆದು ಬೀಗಕ್ಕೆ ಹಾಕೋಕೆ ಹೋದ. ಅಲ್ಲೇ ನಿಂತ. ನನ್ನ ಕೈಗೆ ಕೊಟ್ಟ. ತೆಗೆದು ಒಳಗೆ ಹೋದೆ. ಎಲ್ಲೆಲ್ಲೂ ಧೂಳು, ನಲ್ಲಿ ಹನಿ ಹನಿ ಸೋರುತ್ತಿತ್ತು, ಹಾಲಿನ ಪಾತ್ರೆ ತೊಳೆಯದೆ ಬಿಟ್ಟುಹೋಗಿದ್ದೆ, ಅದರ ವಾಸನೆ. ನಾಳೆ ಎಲ್ಲ ತೊಳೆಯಬೇಕು.

ಅಣ್ಣ ಒಳಗೆ ಬಂದಿರಲಿಲ್ಲ. ಬ್ಯಾಗು ಹಿಡಿದು ಹೊಸಿಲ ಆಚೆ ನಿಂತಿದ್ದ.

"ಒಳಗೆ ಬರ್ಲಾ?" ಅಂತ ಕೇಳಿದ.

ಬಾ ಅಂದೆ. ಮನೆಯಲ್ಲಿ ಇರೋದು ಒಂದೇ ಕುರ್ಚಿ. ಅದರಲ್ಲಿ ನಾನು ಕೂತೆ.